ಚಂಕಾನಿ ಎಲ್ಲಿ ಸಿಗುತ್ತದೆ?

“ಜಮಖಾನ ಅನ್ನುವ ಮಾತೇ ಈಗ ನನ್ನದು,” ಎಂದು ಪದುಮಣ್ಣ ಶೆಟ್ಟಿ ಓಲಗದಲ್ಲಿ ಮೀಸೆ ತಿರುವಿದ. “ಊರೊಳಗೆ ಬಂದು ಆ ಮಾತೆತ್ತಿದವನು ನನ್ನ ಅಂಗಡಿ ಮೆಟ್ಟಿಲು ಹತ್ತಲೇಬೇಕು.”

ಸುಳ್ಳೇನಲ್ಲ. ಬೊಮ್ಮರಸನ ರಾಜಧಾನಿ ದೊಡ್ಡದು, ಬೀದಿಗಳು ಸೊಟ್ಟ. ಹೆಬ್ಬಾಗಿಲಲ್ಲಿ ಒಬ್ಬ ದಾರಿ ತೋರಿಸುವವನಿದ್ದ. ಹೊಸಬರು ಬೇಕಾದ ಸರಕಿನ ಹೆಸರು ಹೇಳಿದರೆ, ಆ ಹೆಸರನ್ನು ಹರಾಜಿನಲ್ಲಿ ಹಿಡಿದವರ ಅಂಗಡಿಗೆ ಕಳಿಸುತ್ತಿದ್ದ. ಕಳಿಸಿದ ತಲೆಗೊಂದು ಕಾಸು ಅಂಗಡಿಯವರಿಂದ ಅರಮನೆಗೆ. ಅರಸನಿಗೆ ಕೂತಲ್ಲೇ ಆದಾಯ.

“ಆದರೆ ಪ್ರಭು,” ಶೆಟ್ಟಿ ಮುಂದುವರಿಸಿದ, “ಬಾಯಿ ತಿರುಗದ ದರಿದ್ರರನ್ನೆಲ್ಲ ಕಳಿಸಿ ನನ್ನಿಂದ ಕಾಸು ಕೀಳಬೇಡಿ. ಸ್ವಚ್ಛವಾಗಿ ‘ಜಮಖಾನ’ ಎನ್ನಬಲ್ಲ ಮರ್ಯಾದಸ್ಥರು ಮಾತ್ರ ಬರಲಿ.”

ಓಲಗದ ದುಬಾಷಿ ನೀಲಾಜಮ್ಮ ಎದ್ದು ನಿಂತಳು. ಏಳು ರೇವುಗಳ ನೀರು ಕುಡಿದ ಹೆಂಗಸು. ಜಮಖಾನ ನೇಯುವ ಸಂಗವ್ವ ಗಿರಾಕಿಗಳಿಲ್ಲದೆ ಮಗ್ಗ ಬಿಚ್ಚಿ ಊರು ಬಿಡಲು ಹೊರಟಿದ್ದು ಅವಳಿಗೆ ಗೊತ್ತಿತ್ತು.

“ಶೆಟ್ಟರಿಗೆ ಬೇಡವಾದದ್ದನ್ನು ಸಂಗವ್ವನ ಹೆಸರಿಗೆ ಕೊಡಿ, ಪ್ರಭು. ಜಮ್ಕಾನ, ಜಂಕಾನೆ, ಚಂಕಾನಿ.”

ಆಸ್ಥಾನ ಪಂಡಿತ ಕಿವಿ ಮುಚ್ಚಿಕೊಂಡ. “ಇವು ಮಾತುಗಳೋ, ಕೆಮ್ಮೋ?”

“ಕೆಮ್ಮಾದರೆ ಅಗ್ಗಕ್ಕೆ ಕೊಡಿ.”

“ತಗೋ,” ಎಂದ ಅರಸ. “ಕೆಮ್ಮಿಗೂ ಕಾಸು ಬರುವುದಾದರೆ ನನಗೇನು?”

ಬಾಯ್ತುಂಬ ಧೂಳು ತುಂಬಿಕೊಂಡು ಎತ್ತಿನ ಗಾಡಿಯಿಂದ ಇಳಿದವನು ಮಹಾಪ್ರಾಣ ಹುಡುಕುತ್ತಾನೆಯೇ? ತೆಲುಗರು ಒಂದು ಥರ ಅಂದರು, ತುರುಕರು ಇನ್ನೊಂದು ಥರ. ಎಲ್ಲರೂ ಹೋಗಿದ್ದು ಸಂಗವ್ವನ ಅಂಗಡಿಗೇ. ಬಿಚ್ಚಿದ ಮಗ್ಗ ಮತ್ತೆ ಕಟ್ಟಿದಳು, ಪಕ್ಕದಲ್ಲಿ ಇನ್ನೊಂದನ್ನೂ ಹೂಡಿದಳು. ಶೆಟ್ಟಿಯ ಅಂಗಡಿಗೆ ಬಂದದ್ದು ಪಂಡಿತ ಒಬ್ಬನೇ. ಅವನೂ ಮುಟ್ಟಿ ನೋಡಿ, ನೀರು ಮಜ್ಜಿಗೆ ಕುಡಿದು ಹೋದ.

ಶೆಟ್ಟಿ ಅರಮನೆಗೆ ಓಡಿದ. “ಅಪಭ್ರಂಶ, ಪ್ರಭು. ಹೆಬ್ಬಾಗಿಲಲ್ಲಿ ಪಂಡಿತರನ್ನು ಕೂರಿಸಿ. ಮಾತು ತಿದ್ದಿಕೊಳ್ಳದೆ ಯಾರೂ ಒಳಗೆ ಬರಕೂಡದು.”

ಕಾಸು ಕಟ್ಟಲು ಅರಮನೆಗೆ ಬಂದಿದ್ದ ಸಂಗವ್ವನ ಮುಖ ಬಾಡಿತು. ನೀಲಾಜಮ್ಮ ಮಾತ್ರ, “ಆಗಲಿ. ಆದರೆ ಕಟ್ಟಳೆ ಎಲ್ಲರಿಗೂ ಒಂದೇ ಇರಲಿ,” ಎಂದಳು.

“ಯಾರೇ ಆಗಲಿ,” ಎಂದ ಶೆಟ್ಟಿ. ಅರಸ ಒಪ್ಪಿದ.

ಪರಸ್ಥಳದ ದೂತರು ತರುವ ಸುದ್ದಿ ಮೊದಲು ಬೀಳುವುದು ದುಬಾಷಿಯ ಕಿವಿಗೆ. ಮರುದಿನ ಬಡಗಣ ಸೀಮೆಯಿಂದ ಅರಸನ ಅತ್ತೆ ಬರುವವರಿದ್ದರು.

ಬಂದರು. ಮೊಮ್ಮಗನ ತೊಟ್ಟಿಲ ಶಾಸ್ತ್ರಕ್ಕೆ ಏನಾದರೂ ಕೊಳ್ಳೋಣವೆಂದು ಪಲ್ಲಕ್ಕಿಯಿಂದ ತಲೆ ಹೊರಹಾಕಿ, “ಚಂಕಾನಿ ಎಲ್ಲಿ ಸಿಗತೈತೋ ತಮ್ಮಾ?” ಎಂದರು.

“ಖಕಾರ ಸ್ಪಷ್ಟವಾಗಲಿ,” ಎಂದ ಪಂಡಿತ. “ಇನ್ನೊಮ್ಮೆ ಹೇಳಿ.”

ಬಿಸಿಲು ನೆತ್ತಿಗೇರುವ ತನಕ ಹೇಳಿಸಿದ. ಸುದ್ದಿ ಕೇಳಿ ಅರಸ ಬರಿಗಾಲಲ್ಲೇ ಹೆಬ್ಬಾಗಿಲಿಗೆ ಓಡಿದ. ಹಿಂದೆಯೇ ಇಡೀ ಓಲಗ.

“ಏನ್ರೀ ಅಳಿಯಂದ್ರ,” ಎಂದರು ಅತ್ತೆ, “ಮಗಳನ್ನ ಕೊಡೂಮುಂದ ನಮ್ಮ ಮಾತು ಸರಿ ಇತ್ತು. ಈಗೇನಾಗೇತಿ ಅದಕ್ಕ?”

ಅರಸ ಬೆವರು ಒರೆಸಿಕೊಂಡು ಶೆಟ್ಟಿಯ ಕಡೆ ತಿರುಗಿದ. “ಹೇಳಿ ಶೆಟ್ಟರೇ. ಅತ್ತೆಮ್ಮನವರು ಹೇಳಿದ್ದು ತಪ್ಪೋ, ಸರಿಯೋ?”

ಶೆಟ್ಟಿ ಕೈ ಮುಗಿದ. “ಸ… ಸರಿ, ಪ್ರಭು. ಅಚ್ಚುಕಟ್ಟಾದ ಮಾತು.”

“ಕೇಳಿದಿರಾ ಪ್ರಭು?” ಎಂದಳು ನೀಲಾಜಮ್ಮ. “ಸಂಗವ್ವನ ಸರಕಿಗೆ ಶೆಟ್ಟರೇ ಡಂಗುರ ಹೊಡೆದರು. ತಲೆಗೊಂದು ಕಾಸೂ ಕೇಳಲಿಲ್ಲ, ಪಾಪ.”

ಅತ್ತೆಯೇ ಮೊದಲು ನಕ್ಕರು. ಆಮೇಲೆ ನಗಲು ಅರಸನಿಗೂ ಧೈರ್ಯ ಬಂತು. ಪಂಡಿತನನ್ನು ಅಲ್ಲಿಂದಲೇ ಮನೆಗೆ ಕಳಿಸಿ, ನೀಲಾಜಮ್ಮನಿಗೆ ತನ್ನ ಹೆಗಲ ಶಾಲು ಹೊದಿಸಿದ. ಅತ್ತೆಯ ಪಲ್ಲಕ್ಕಿ ಸಂಗವ್ವನ ಬೀದಿಗೆ ಹೊರಳಿತು. ದಾರಿ ತೋರಿಸಿದವನು ಪದುಮಣ್ಣ ಶೆಟ್ಟಿ.