ಅಲೆಯುವ ದ್ವೀಪಗಳನ್ನು ನಿಲ್ಲಿಸಿದ ಗೂಟದ ಬಂಡೆಯ ಮಹಿಮೆ

ಪರ್ವತಗಳಿಗೇ ಇನ್ನೂ ನಿಂತ ನೆಲೆ ಸಿಗದಿದ್ದ ಪುರಾತನ ಯುಗದಲ್ಲಿ, ಗ್ರೀಸ್ ದೇಶದ ನೀಲಸಾಗರದ ನಡುವೆ ಇಂದು ಚಕ್ರಾಕಾರವಾಗಿ ಶೋಭಿಸುತ್ತಿರುವ ಈ ಅಮೃತಶಿಲಾಮಯ ದ್ವೀಪಸಮೂಹವು, ಭಕ್ತರೇ, ನಿಂತಿರಲಿಲ್ಲ, ತೇಲುತ್ತಿತ್ತು! ಮೇಘಮಾಲೆ ಕಂಡಲ್ಲಿಗೆ ತೇಲಿಹೋಗಿ, ಮನದಣಿಯೆ ಮಳೆಯಲ್ಲಿ ಮಿಂದು, ಮತ್ತೆ ಮುಂದಕ್ಕೆ ಸಾಗುವುದೇ ಆ ದ್ವೀಪಗಳ ನಿತ್ಯಕರ್ಮವಾಗಿದ್ದುದರಿಂದ ಅಲ್ಲಿ ತೊರೆಗಳೂ ದ್ರಾಕ್ಷಾವನಗಳೂ ತುಂಬಿ ತುಳುಕುತ್ತಿದ್ದವು. ಆದರೆ ಮೀನಿಗೆ ಹೋದವನು ಮರಳುವಷ್ಟರಲ್ಲಿ ಅವನ ಊರೇ ಇರುತ್ತಿರಲಿಲ್ಲ. ಇದೆಂಥ ಬಾಳು!

ಅತ್ಯಂತ ಕಿರಿದಾದ ದ್ವೀಪದಲ್ಲಿ ಮಿರ್ತೋ ಎಂಬ ಮೇಕೆ ಕಾಯುವ ಹೆಣ್ಣುಮಗಳಿದ್ದಳು. ಅವಳ ಪತಿ ಥ್ರಾಸೋನನು ದೋಣಿಯೇರಿ ಹೋದ ದಿನ ಪ್ರಚಂಡವಾದ ಉತ್ತರಮಾರುತವೆದ್ದು, ದ್ವೀಪವು ಅವನಿಂದ ದೂರ ದೂರ ಸರಿಯುತ್ತಿರಲು, ಹಾಯಿಯು ಸಾಸಿವೆಯಷ್ಟಾದುದನ್ನು ಕಂಡು ಅವಳ ಎದೆಯೊಡೆಯಿತು. ಚದುರಿದ ಹಿಂಡನ್ನು ಅಲ್ಲಿಯವರು ಅಟ್ಟಿಸಿಕೊಂಡು ಹೋಗುವುದಿಲ್ಲ. ಒಂದು ಮೇಕೆಯನ್ನು ಗೂಟಕ್ಕೆ ಕಟ್ಟಿದರೆ ಉಳಿದವು ತಾವಾಗಿಯೇ ಸುತ್ತ ಬಂದು ನಿಲ್ಲುತ್ತವೆ. ಮಿರ್ತೋಗೆ ತಿಳಿದಿದ್ದ ವಿದ್ಯೆ ಅದೊಂದೇ. ಮೇಕೆಗೂದಲ ಹಗ್ಗದ ಒಂದು ತುದಿಯನ್ನು ತೀರದ ಬಂಡೆಗೆ, ಇನ್ನೊಂದನ್ನು ಗೂಟಕ್ಕೆ ಬಿಗಿದಳು.

"ದ್ವೀಪ ಅಂದ್ರೆ ಮೇಕೆ ಅಂದ್ಕೊಂಡ್ಯೇನೇ, ಗೂಟಕ್ಕೆ ಕಟ್ಟೋದಕ್ಕೆ? ತಲೆ ಕೆಟ್ಟಿದೆ ನಿಂಗೆ!" ಎಂದು ಅವಳ ಅತ್ತೆ ಕೂಗಿಕೊಳ್ಳುತ್ತಿರುವಂತೆಯೇ ಆ ಮಹಾಸಾಧ್ವಿಯು ಗೂಟವನ್ನು ಬಾಯಲ್ಲಿ ಕಚ್ಚಿಕೊಂಡು, ಹಿಂದೆಮುಂದೆ ನೋಡದೆ ಸಮುದ್ರಕ್ಕೆ ಧುಮುಕಿ, ತಳಕ್ಕಿಳಿದು ಅದನ್ನು ಕಲ್ಲಿನಿಂದ ಜಡಿಯತೊಡಗಿದಳು! ಆಗ ಪಾತಾಳವೇ ನಡುಗಿ, ಸಮುದ್ರರಾಜನು ಪ್ರತ್ಯಕ್ಷನಾಗಿ ನುಡಿದನು: "ಎಲೌ ಸಾಧ್ವಿ, ನಿಲ್ಲು! ಈ ಗೂಟವನ್ನು ನೆಟ್ಟೆಯಾದರೆ ನಿನ್ನ ದ್ವೀಪವು ಕಲ್ಪಾಂತದವರೆಗೂ ಅಲುಗದು, ಪತಿಯು ಮರಳುವನು. ಆದರೆ ಮೇಘಗಳನ್ನು ಅರಸಿ ಹೋಗಲಾರದ ನಿಮ್ಮ ನೆಲವು ಒಣಗುವುದು, ತೃಷೆಯೇ ನಿಮ್ಮ ಸಂತತಿಯ ಪಾಲಾಗುವುದು. ಒಪ್ಪಿಗೆಯೆ?"

ನೀರಿನಡಿಯಲ್ಲಿ ಮಾತೆಲ್ಲಿಂದ ಬರಬೇಕು? ಗೂಟದ ಮೇಲೆ ಮತ್ತೊಂದು ಏಟು ಬಿದ್ದಿತು, ಅದೇ ಅವಳ ಉತ್ತರ!

ದ್ವೀಪವು ನಿಂತಿತು. ಆಹಾ, ಉಳಿದ ದ್ವೀಪಗಳೂ ಒಂದೊಂದಾಗಿ ಬಂದು ಸುತ್ತ ನಿಂತವು. ತೊರೆಗಳು ಅಂದೇ ಬತ್ತಿದವು. ಸಂಜೆ ಥ್ರಾಸೋನನು ಬಾಯಾರಿ ದಡ ಸೇರಿದಾಗ ಮನೆಯ ಹರವಿಯಲ್ಲಿದ್ದುದು ಒಂದೇ ಬೊಗಸೆ ನೀರು. ಸೊಸೆಯನ್ನು ಬೈಯುತ್ತಿದ್ದ ಅತ್ತೆಯೇ ಅದನ್ನು ತಂದು ಮಗನಿಗೆ ಕುಡಿಸಿ, ಮಿರ್ತೋಳ ಒದ್ದೆ ತಲೆಯನ್ನು ತನ್ನ ಬಟ್ಟೆಯಿಂದ ಒರೆಸುತ್ತ ಅತ್ತುಬಿಟ್ಟಳು.

ಹಗ್ಗವುಜ್ಜಿದ ಗೆರೆಯು ಆ ಬಂಡೆಯ ಮೇಲೆ ಇಂದಿಗೂ ಇದೆ. ಉತ್ತರಮಾರುತವೂ ಪ್ರತಿ ಬೇಸಿಗೆಯಲ್ಲಿ ಬಂದು ದ್ವೀಪವನ್ನು ಅಲುಗಿಸಿ ನೋಡಿ ಸೋತು ಹೋಗುತ್ತದೆ. ದೋಣಿಯಿಂದಿಳಿದವರಿಗೆ ಊರಿನ ಹೆಂಗಸರು ಅಲ್ಲಿಯೇ ಒಂದು ಬೊಗಸೆ ನೀರು ಕೊಡುತ್ತಾರೆ, ಮನೆಯಲ್ಲಿರುವುದು ಅಷ್ಟೇ ಆದರೂ. ಯಾತ್ರಿಕರೇ, ಸಂಕೋಚದಿಂದ ಬೇಡವೆನ್ನಬೇಡಿರಿ, ಕುಡಿಯಿರಿ. ನೀವು ಬಂದು ಸೇರಿದಿರಲ್ಲ, ಅದಕ್ಕಾಗಿಯೇ ಅವರು ಮಳೆಯನ್ನು ಬಿಟ್ಟುಕೊಟ್ಟದ್ದು.