ಕಿಡ್ನಿ ವಾರ್ಡಿನ ತಾಲೀಮು

ನಾಳೆ ಬೆಳಿಗ್ಗೆ ಮಂತ್ರಿಗಳ ಎದುರಿಗೇ ಕಿಡ್ನಿ ವಾರ್ಡು ಹೊಸ ಕಟ್ಟಡಕ್ಕೆ ಹೋಗಬೇಕು ಅಂತ ಸೂಪರಿಂಟೆಂಡೆಂಟು ಪರಶಿವಮೂರ್ತಿಗಳು ಹಟ ಹಿಡಿದರು. ಸಿಬ್ಬಂದಿಗೆಲ್ಲ ಇವತ್ತೇ ತಾಲೀಮು.

ಆಯಾ ಕೆಂಪಾಜಮ್ಮ ಅಂದಳು: “ಬುದ್ಧೀ, ಅಲ್ಲಿ ನಲ್ಲೀಲಿ ತೊಟ್ಟು ನೀರಿಲ್ಲ. ನೀರಿಲ್ದೆ ರಕ್ತ ತೊಳೆಯೋ ಮಿಷನ್ನು ಓಡಲ್ಲ. ರೋಗಿಗಳ ಗತಿ?”

“ಕಸ ಗುಡಿಸೋಳು ನನಗೆ ಪಾಠ ಹೇಳ್ತೀಯ? ಇನ್ನೊಂದು ಮಾತಾಡಿದರೆ ಮನೆಗೆ ಕಳಿಸ್ತೀನಿ!”

ಕೆಂಪಾಜಮ್ಮ ಕೈ ಮುಗಿದಳು. “ತಪ್ಪಾಯ್ತು ಬುದ್ಧಿ. ಹೊಸ ಮನೆಗೆ ಯಜಮಾನರೇ ಮೊದಲು ಬಲಗಾಲಿಡಬೇಕಲ್ವಾ? ತಾಲೀಮಿಗೆ ತಾವೇ ರೋಗಿ ಆಗಿ.”

ಯಜಮಾನರು ಅಂತ ಕರೆಸಿಕೊಂಡದ್ದೇ ತಡ, ಮನುಷ್ಯ ಉಬ್ಬಿಹೋದ. ಹಸಿರು ಗೌನು ತೊಟ್ಟು, ಫೋಟೋ ತೆಗೆಸಿಕೊಂಡು, ಸ್ಟ್ರೆಚರ್ ಮೇಲೆ ಮದುವಣಿಗನ ಹಾಗೆ ಸವಾರಿ ಹೊರಟ. ಹೊಸ ವಾರ್ಡಿನಲ್ಲಿ ಕೆಂಪಾಜಮ್ಮ ಬಿಸಿ ಕಾಫಿ ಕೊಟ್ಟಳು. ಕಾಫಿ ಗಂಟಲಿಳಿದರೆ ಆತನ ಹೊಟ್ಟೆ ಸುಮ್ಮನಿರೋದಿಲ್ಲ ಅನ್ನೋದು ಇಡೀ ಆಸ್ಪತ್ರೆಗೆ ಗೊತ್ತಿದ್ದ ಗುಟ್ಟು. ಗೌನಿನ ಹಿಂಭಾಗ ಹಿಡಿದುಕೊಂಡು ಕಕ್ಕಸಿಗೆ ಓಡಿದ.

ಸ್ವಲ್ಪ ಹೊತ್ತಿಗೆ ಒಳಗೆ ನಲ್ಲಿ ಬುಸ್ ಅಂತು. ಆಮೇಲೆ ಸಾಹೇಬರ ದನಿ: “ಯಾರಲ್ಲಿ? ನೀರು!”

“ಹಳೇ ಕಟ್ಟಡದಿಂದ ತಂದಿವ್ನಿ ಬುದ್ಧಿ, ಬಕೆಟ್ಟು ಬಾಗಿಲಲ್ಲೇ ಅದೆ. ನಾಳೆ ರೋಗಿಗಳಿಗೆ ಏನು ಮಾಡೋದು ಅಂತ ಸಿಸ್ಟರಮ್ಮೋರು ಕೇಳ್ತಾವ್ರೆ, ಅದನ್ನೊಂದು ಹೇಳಿಬುಡಿ.”

“ನಲ್ಲೀಲಿ ನೀರು ಬರೋವರೆಗೂ ಒಬ್ಬರನ್ನೂ ಸಾಗಿಸಬೇಡಿ! ಬಕೆಟ್ ಕೊಡು ತಾಯಿ!”

ಕಾರಿಡಾರಿನಲ್ಲಿ ನಿಂತ ಅಷ್ಟೂ ಸಿಸ್ಟರುಗಳು ಕೇಳಿಸಿಕೊಂಡಾದ ಮೇಲೆಯೇ ಬಕೆಟ್ಟು ಒಳಗೆ ಹೋಯಿತು.

ಸಮಾರಂಭ ಮುಂದೂಡಿದರು. ರೋಗಿಗಳ ಮೇಲೆ ಎಂಥ ಕಾಳಜಿ ಅಂತ ಮಂತ್ರಿಗಳು ಸಾಹೇಬರ ಬೆನ್ನು ತಟ್ಟಿದರಂತೆ. ಆ ಆಜ್ಞೆಯನ್ನು ಎಲ್ಲಿ ಕೂತು ಹೊರಡಿಸಿದ್ದು ಅಂತ ಮಂತ್ರಿಗಳಿಗೆ ಮಾತ್ರ ಇನ್ನೂ ಯಾರೂ ಹೇಳಿಲ್ಲ.