ಉಂಡವರ ದಿನ್ನೆ

ಎರಿಗುಂದಿಯ ಅಗಸಿಬಾಗಿಲು ದಾಟಿ ಹಳ್ಳದ ಕಡೆಗೆ ಹೊರಟರೆ ಬಲಕ್ಕೆ ಒಂದು ಸಣ್ಣ ದಿನ್ನೆ ಕಾಣುತ್ತದೆ. ಗುಡ್ಡ ಎನ್ನುವಷ್ಟು ಎತ್ತರವಿಲ್ಲ. ಸುತ್ತಲಿನ ಎರೆಭೂಮಿ ಅಂಗೈಯಷ್ಟು ಸಪಾಟಾಗಿರುವುದರಿಂದ ಅಷ್ಟು ಎತ್ತರವೂ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಮೇಲೆ ನಾಲ್ಕಾರು ಜಾಲಿಗಿಡ, ನಡುವೆ ಕೆತ್ತನೆಯಿಲ್ಲದ ಒಂದು ಚಪ್ಪಟೆ ಕಲ್ಲು. ಇದರ ಹೆಸರು ಉಂಡವರ ದಿನ್ನೆ. ಹೆಸರು ಕೇಳಿದ ಪರಸ್ಥಳದವರು, ಹಿಂದೆ ಯಾರೋ ಶರಣರು ಇಲ್ಲಿ ದಾಸೋಹ ನಡೆಸಿರಬೇಕು, ಹಸಿದು ಬಂದವರೆಲ್ಲ ಉಂಡು ಹರಸಿ ಹೋಗಿರಬೇಕು ಎಂದು ತಾವೇ ಒಂದು ಕಥೆ ಕಟ್ಟಿಕೊಂಡು ಸಂತೋಷಪಡುತ್ತಾರೆ. ಊರಿನವರು ಆ ಕಥೆಯನ್ನು ತಿದ್ದಲು ಹೋಗುವುದಿಲ್ಲ. ತಿದ್ದಿದರೆ ನಿಜ ಹೇಳಬೇಕಾಗುತ್ತದೆ, ಅದನ್ನು ಹೇಳಲು ಯಾರಿಗೂ ನಾಲಿಗೆ ಏಳುವುದಿಲ್ಲ.

ಈ ಊರಿಗೆ ಇನ್ನೊಂದು ವಿಚಿತ್ರ ನಡವಳಿಕೆಯಿದೆ. ನಮ್ಮ ಸೀಮೆಯಲ್ಲಿ ಇಬ್ಬರು ಎದುರಾದರೆ ನಮಸ್ಕಾರಕ್ಕಿಂತ ಮೊದಲು ಬರುವ ಮಾತು 'ಊಟಾ ಆತೇನ್ರಿ' ಎಂಬುದು. ಎರಿಗುಂದಿಯಲ್ಲಿ ಮಾತ್ರ ಈ ಮಾತು ಯಾರ ಬಾಯಿಂದಲೂ ಹೊರಡುವುದಿಲ್ಲ. ಹೊಸ್ತಿಲು ದಾಟಿದವನು ಬೀಗನಿರಲಿ, ಬಳೆಗಾರನಿರಲಿ, ಕರೆಂಟಿನ ಮೀಟರು ನೋಡಲು ಬಂದವನಿರಲಿ, ಅವನು ಕೂರುವ ಮೊದಲೇ ಜೋಳದ ರೊಟ್ಟಿ ಅವನ ಅಂಗೈಗೆ ಬೀಳುತ್ತದೆ, ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಒಂದು ಹೋಳು ಉಳ್ಳಾಗಡ್ಡಿ. ಒಲ್ಲೆ ಎಂದರೆ ಕೇಳಿಸಿಕೊಳ್ಳುವವರೇ ಇಲ್ಲ. ಹೆಣ್ಣು ನೋಡಲು ಬಂದ ಹೊರಗಿನ ಹಿರಿಯರು, ಒಂದು ಮಾತು ಕೇಳದೆ ಬಡಿಸುವುದೆಂಥ ರೀತಿ ಎಂದು ಮುಖ ಗಂಟಿಕ್ಕಿದ್ದುಂಟು. ಎರಿಗುಂದಿಯವರಿಗೆ ದೇವರು ಕೈ ಕೊಟ್ಟು ಬಾಯಿ ಕೊಡುವುದನ್ನು ಮರೆತಿದ್ದಾನೆ ಎಂದು ನೆರೆಯೂರಿನವರು ಚೇಷ್ಟೆ ಮಾಡುತ್ತಾರೆ. ಹರೆಯದವರು ಅದಕ್ಕೆ ನಕ್ಕುಬಿಡುತ್ತಾರೆ. ವಯಸ್ಸಾದವರು ನಗುವುದಿಲ್ಲ.

ಹಿಂದೆ ಒಮ್ಮೆ, ಅಗಸಿಗೆ ಇನ್ನೂ ಕಟ್ಟಿಗೆಯ ಬಾಗಿಲು ಇದ್ದ ಕಾಲದಲ್ಲಿ, ಊಟಕ್ಕೆ ಕೇಳುವ ಉಪಚಾರದಲ್ಲಿ ಎರಿಗುಂದಿಯನ್ನು ಮೀರಿಸುವ ಊರೇ ಇರಲಿಲ್ಲ ಎನ್ನುತ್ತಾರೆ. ಅದಕ್ಕೊಂದು ಕಟ್ಟಳೆಯೇ ಇತ್ತು. ಮೊದಲ ಸಲ ಕೇಳಿದಾಗ, ಹೊಟ್ಟೆ ಬೆನ್ನಿಗೆ ಹತ್ತಿದ್ದರೂ 'ಆತು' ಎನ್ನಬೇಕು. ಎನ್ನದಿದ್ದರೆ ಹೊಟ್ಟೆಬಾಕ ಎಂಬ ಹೆಸರು ಬರುತ್ತಿತ್ತು. ಎರಡನೆಯ ಸಲ ಕೇಳಿದಾಗ 'ಇರಲಿ ಬಿಡ್ರಿ' ಎನ್ನಬೇಕು. ಮೂರನೆಯ ಸಲ ಕೇಳುವವರು ರಟ್ಟೆ ಹಿಡಿದು ಎಳೆಯುತ್ತಿದ್ದರು. ಆಗ ಮಣೆಯ ಮೇಲೆ ಕೂತು ಉಣ್ಣಬೇಕು. ಹೀಗಾಗಿ ಮೊದಲ 'ಆತು' ಎಂಬುದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಚಿಲಕ ಹಾಕದೆ ಬರೀ ಮುಂದೆ ಮಾಡಿದ ಬಾಗಿಲು ಅದು, ಕೇಳುವವರು ಇನ್ನೊಮ್ಮೆ ತಳ್ಳಬೇಕಿತ್ತು. ಈ ಲೆಕ್ಕ ಊರಿನ ಕೂಸುಗಳಿಗೂ ಗೊತ್ತಿತ್ತು.

ಆ ಊರಿನಲ್ಲಿ ಒಂದೇ ಗೋಡೆಯ ಆಚೆ ಈಚೆ ಎರಡು ಮನೆಗಳಿದ್ದವು. ಆಚೆಯದು ಬಾಪುಗೌಡನದು. ಊರಿಗೇ ದೊಡ್ಡದಾದ ಹಗೇವು ಅವನ ಅಂಗಳದಲ್ಲಿತ್ತು. ಹಗೇವೆಂದರೆ ನೆಲದೊಳಗೆ ಗಡಿಗೆಯ ಆಕಾರದಲ್ಲಿ ತೋಡಿದ ಕಣಜ. ಒಳಗೆ ಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಯಾರ ಮನೆಯಲ್ಲಿ ಎಷ್ಟಿದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಗೌಡನ ಹೆಂಡತಿ ನಿಂಬೆವ್ವನ ಕೈ ಆ ಹಗೇವಿಗಿಂತ ದೊಡ್ಡದು ಎನ್ನುತ್ತಿದ್ದರು. ಈಚೆಯ ಮನೆ ಸಾವಂತ್ರೆವ್ವನದು. ಗಂಡ ಯಮನಪ್ಪನಿಗೆ ಇದ್ದದ್ದು ಹಳ್ಳದ ದಂಡೆಯ ತುಂಡು ಹೊಲ. ಹಗೇವು ತೋಡಿಸುವ ಮನೆತನ ಅದಲ್ಲ. ಬೆಳೆದಷ್ಟನ್ನು ಮಣ್ಣಿನ ಗಡಿಗೆಗಳಲ್ಲಿ ತುಂಬಿ ಅಟ್ಟದ ಮೇಲೆ ಇಡುತ್ತಿದ್ದರು. ಸಾವಂತ್ರೆವ್ವ ಬಸುರಿಯಾಗಿದ್ದಾಗ, ಬಾಣಂತನ ಮುಗಿಸಿ ಬಂದಾಗ, ಗಂಡ ಊರಲ್ಲಿಲ್ಲದಾಗ, ನಿಂಬೆವ್ವ ಗೋಡೆಯಾಚೆಯಿಂದ ಕೇಳದ ದಿನವಿರಲಿಲ್ಲ. ಒಮ್ಮೆ ಕೇಳಿ ಬಿಟ್ಟ ದಿನವಂತೂ ಇರಲೇ ಇಲ್ಲ. ಸಾವಂತ್ರೆವ್ವನಿಗೆ ನಿಂಬೆವ್ವ ಎಂದರೆ ರಟ್ಟೆಯ ಮೇಲಿನ ಆ ಬಿಗಿ ಹಿಡಿತ. ಹೆತ್ತ ತಾಯಿಯೂ ಅಷ್ಟು ಪ್ರೀತಿಯಿಂದ ಹಿಡಿದಿರಲಿಲ್ಲ.

ಆ ವರ್ಷ ಬಂದದ್ದು ಹಸಿ ಬರ. ಶ್ರಾವಣದಲ್ಲಿ ಹಿಡಿದ ಮಳೆ ದೀಪಾವಳಿಗೂ ಬಿಡಲಿಲ್ಲ. ಮುಂಗಾರಿ ಪೈರು ನಿಂತಲ್ಲೇ ಕೊಳೆಯಿತು. ಎರೆಹೊಲದಲ್ಲಿ ಕಾಲಿಟ್ಟರೆ ಮೊಣಕಾಲವರೆಗೆ ಹುಗಿಯುವಾಗ ಹಿಂಗಾರಿ ಬಿತ್ತುವವರು ಯಾರು? ನೀರು ನೆಲದೊಳಗಿಂದ ಹಗೇವುಗಳಿಗೂ ನುಗ್ಗಿತು. ಒಂದು ಮಧ್ಯಾಹ್ನ ಬಾಪುಗೌಡ ಹಗೇವಿನ ಕಲ್ಲು ಸರಿಸಿದಾಗ ಎದ್ದ ಹುಳಿ ನಾತ ಗೋಡೆ ದಾಟಿ ಬಂತು. ಅಂಗಳದಲ್ಲಿ ಸಗಣಿ ಬಾಚುತ್ತಿದ್ದ ಸಾವಂತ್ರೆವ್ವನಿಗೆ ಅದೇನೆಂದು ಕೂಡಲೇ ತಿಳಿಯಿತು. ಆಚೆಯಿಂದ ಕಲ್ಲನ್ನು ಮತ್ತೆ ಎಳೆದು ಮುಚ್ಚಿದ ಸದ್ದು ಮಾತ್ರ ಕೇಳಿಸಿತು. ಮರುದಿನ ಗೌಡ ಬಂಡಿ ಹೂಡಿಕೊಂಡು ಹೊಳೆಯಾಚೆಯ ಸೀಮೆಗೆ ಕಾಳು ತರಲು ಹೋದ. ತಂಗಿಯ ಊರಿಗೆ ಹೋಗಿದ್ದಾರೆ ಎಂದು ನಿಂಬೆವ್ವ ಊರಿಗೆಲ್ಲ ಹೇಳಿದಳು. ಅವನು ದಾಟಿದ ಮೇಲೆ ಹೊಳೆ ಏರಿತು.

ಇನ್ನು ಮುಂದಿನದನ್ನು ಹೇಳುವಾಗ ಹಿರಿಯರು ದನಿ ತಗ್ಗಿಸುತ್ತಾರೆ. ಊರಿನವರು ಆ ಸಂಕಟದಲ್ಲೂ ಕೇಳುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು, ಆಗ ನೆರೆಯವರು ಉಪವಾಸವಿದ್ದಾರೆಂಬುದಾದರೂ ಮನಸ್ಸಿನಲ್ಲಿ ಉಳಿಯುತ್ತಿತ್ತು. ಅವರು ಕೇಳಿದರು, ಒಂದೇ ಸಲ ಕೇಳಿದರು. 'ಆತು' ಎಂಬ ಉತ್ತರ ಬಂದೊಡನೆ ತಲೆಯಾಡಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ, ಊರಿಗೆ ಊರೇ ತಾನಾಗಿ ಕಲಿತ ಜಾಣತನ ಅದು. ಸಾವಂತ್ರೆವ್ವನೂ ಕಲಿತಳು. ಊರ ಹಗೇವುಗಳೆಲ್ಲ ಕೊಳೆತಾಗ ಬಡವಳ ಅಟ್ಟದ ಮೇಲಿನ ಗಡಿಗೆಗಳು ಉಳಿದಿದ್ದವು. ಆದರೆ ಕೈ ಇಳಿಬಿಟ್ಟರೆ ಬೆರಳಿಗೆ ತಳ ಹತ್ತುತ್ತಿತ್ತು, ಮನೆಯಲ್ಲಿ ಹಸಿದ ಮಕ್ಕಳಿದ್ದವು. ಸಂಜೆ ಗೋಡೆಯ ಬಳಿ ನಿಂತು ಅವಳು ಕೇಳುತ್ತಿದ್ದಳು.

"ಊಟಾ ಆತೇನವಾ, ಅಕ್ಕಾ?"

"ಆತವಾ. ಈಗರ ಉಂಡ್ವಿ."

ಇಷ್ಟು ಹೇಳಿ ನಿಂಬೆವ್ವ ಒಳಗೆ ಹೋಗುತ್ತಿರಲಿಲ್ಲ. ಗೋಡೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತೇ ಇರುತ್ತಿದ್ದಳು. ಮಳೆ ಹೊಡೆಯುತ್ತಿದ್ದರೂ ನಿಲ್ಲುತ್ತಿದ್ದಳು. ಎರಡನೆಯ ಮಾತಿಗಾಗಿ ಕಾಯುತ್ತಿದ್ದಾಳೆಂದು ಸಾವಂತ್ರೆವ್ವನಿಗೆ ಗೊತ್ತಿತ್ತು. ತಾನಾಗಿ ಬಾಯಿ ಬಿಟ್ಟು ಕೇಳುವುದು ಆ ಹೆಂಗಸಿಗೆ ಬರುತ್ತಿರಲಿಲ್ಲ, ಹುಟ್ಟಿದಾಗಿನಿಂದ ಅವಳಿಗೆ ಅದನ್ನು ಯಾರೂ ಕಲಿಸಿರಲಿಲ್ಲ ಎಂಬುದೂ ಗೊತ್ತಿತ್ತು. ಒಲೆಯ ಮೇಲೆ ಏನೋ ಇದೆಯೆಂಬಂತೆ ಸಾವಂತ್ರೆವ್ವ ಸೆರಗು ಸರಿಮಾಡಿಕೊಂಡು ಒಳಗೆ ನಡೆಯುತ್ತಿದ್ದಳು. ಮನಸ್ಸು ಚುಚ್ಚದೆ ಇರಲಿಲ್ಲ. ನಾಳೆ ಕೇಳೋಣ, ನಾಳೆ ಇನ್ನೊಮ್ಮೆ ಕೇಳಿಯೇಬಿಡೋಣ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಆಚೆಯಿಂದ ದಿನವೂ ರೊಟ್ಟಿ ಬಡಿಯುವ ಸಪ್ಪಳ ಮಾತ್ರ ತಪ್ಪದೆ ಬರುತ್ತಿತ್ತು. ಹಸಿ ಕಟ್ಟಿಗೆಯ ಹೊಗೆಯೂ ಏಳುತ್ತಿತ್ತು. ಗೌಡರ ಮನೆಯಲ್ಲಿ ಏನು ಕಡಿಮೆ, ಸಪ್ಪಳ ಕೇಳುವುದಿಲ್ಲವೇ ಎಂದು ಓಣಿಯವರು ಸಮಾಧಾನಪಟ್ಟುಕೊಂಡರು. ಸಾವಂತ್ರೆವ್ವನಿಗೆ ಆ ಸಮಾಧಾನವೂ ಸಿಗಲಿಲ್ಲ. ಹುಟ್ಟಿ ಬುದ್ಧಿ ಬಂದಾಗಿನಿಂದ ರೊಟ್ಟಿ ಬಡಿದ ಕೈ ಅವಳದು. ಜೋಳದ ಹಿಟ್ಟಾದರೆ ಬಡಿತದ ನಡುನಡುವೆ ರೊಟ್ಟಿ ಮರದ ಹರಿವಾಣದಂಥ ಕೊಣಮಿಗೆಯಲ್ಲಿ ತಿರುಗುವ ಸಣ್ಣ ಸರಸರ ಕೇಳಬೇಕು. ಆಚೆಯ ಬಡಿತ ಭಾರವಾಗಿತ್ತು, ಹಸಿಯಾಗಿತ್ತು, ತಿರುಗುವ ಸದ್ದು ಅದರಲ್ಲಿರಲಿಲ್ಲ. ಈ ಸಲದ ಹಿಟ್ಟು ನೀರು ಕುಡಿದಿದೆ, ಅದಕ್ಕೇ ಹೀಗೆ ಎಂದು ಅವಳು ಅಂದುಕೊಂಡಳು. ನಂಬಿಕೆಯಿಂದ ಅಂದುಕೊಂಡದ್ದಲ್ಲ, ಹಾಗೆ ಅಂದುಕೊಳ್ಳದಿದ್ದರೆ ಅಟ್ಟ ಹತ್ತಿ ಗಡಿಗೆ ಇಳಿಸಬೇಕಾಗುತ್ತಿತ್ತು.

ಒಂದು ದಿನ ನಿಂಬೆವ್ವನ ಇಬ್ಬರು ಮಕ್ಕಳಲ್ಲಿ ಪುಟ್ಟವಳಾದ ಕಾಶವ್ವ ಸಾವಂತ್ರೆವ್ವನ ಬಾಗಿಲಿಗೆ ಬಂದು ನಿಂತಳು. ಒಲೆಯ ಮುಂದೆ ಸಾವಂತ್ರೆವ್ವನ ಮಕ್ಕಳು ಒಂದು ರೊಟ್ಟಿಯನ್ನು ಹಂಚಿಕೊಂಡು ತಿನ್ನುತ್ತಿದ್ದವು.

"ಉಂಡೇನ, ಕಾಶಿ?"

"ಉಂಡೀನ್ರಿ, ಚಿಗವ್ವಾ," ಎಂದಿತು ಮಗು. ತಾಯಿ ಹೇಳಿಕೊಟ್ಟಂತೆ ತಲೆ ಎತ್ತಿ ಹೇಳಿತು. ಹೇಳಿದ ಮೇಲೆ ಹೋಗಲಿಲ್ಲ. ಅದೂ ತಾಯಿಯಂತೆಯೇ ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನಿಂತಿತು. ಸಾವಂತ್ರೆವ್ವ ತನ್ನ ಪಾಲಿನ ಚೂರನ್ನು ಕೈಗೆ ತೆಗೆದುಕೊಂಡಳು. ಅಷ್ಟರಲ್ಲಿ ಅವಳ ಕಿರಿಯವನು ಇನ್ನೂ ಬೇಕೆಂದು ಸೆರಗು ಜಗ್ಗಿದ. ಚೂರು ಅವನ ಬಾಯಿಗೆ ಹೋಯಿತು. ಅವಳು ಮುಖ ತಿರುಗಿಸಿ ಒಲೆ ಊದತೊಡಗಿದಳು. ಉರಿಯುತ್ತಿದ್ದ ಒಲೆಯನ್ನೇ ಊದಿದಳು. ಮತ್ತೆ ನೋಡುವಷ್ಟರಲ್ಲಿ ಬಾಗಿಲಲ್ಲಿ ಯಾರೂ ಇರಲಿಲ್ಲ.

ಮುಂದೆ ಚಳಿಜ್ವರ ಬಂತು. ಉಂಡ ಮನೆಗಳಲ್ಲಿ ಅದು ಬಂದು ಹೋಯಿತು. ಒಂದು ಬೆಳಗ್ಗೆ ರೊಟ್ಟಿಯ ಸಪ್ಪಳ ಕೇಳಲಿಲ್ಲ, ಹೊಗೆಯೂ ಏಳಲಿಲ್ಲ. ಸಾವಂತ್ರೆವ್ವ ಅಂಗಳದಲ್ಲಿ ನಿಂತು, "ಅಕ್ಕಾ, ಊಟಾ ಆತೇನವಾ?" ಎಂದಳು. ಎರಡನೆಯ ಸಲ ಕೇಳಿದಳು. ಮೂರನೆಯ ಸಲ ಕೇಳುತ್ತ ಓಡಿದಳು. ಒಳಗೆ ನಿಂಬೆವ್ವ ಮಗನನ್ನೂ ಮಗಳನ್ನೂ ಎರಡು ಮಗ್ಗುಲಿಗೆ ಅವಚಿಕೊಂಡು ಮಲಗಿದ್ದಳು. ಮೂವರ ಮೈಯೂ ತಣ್ಣಗಾಗಿತ್ತು. ಸಾವಂತ್ರೆವ್ವ ಹಿಡಿದ ರಟ್ಟೆಯಲ್ಲಿ ಎಲುಬಿನ ಹೊರತು ಏನೂ ಇರಲಿಲ್ಲ. ಒಲೆಯ ಪಕ್ಕದಲ್ಲಿ ರೊಟ್ಟಿಯ ಬುಟ್ಟಿ, ಅದರ ಮೇಲೆ ಒಗೆದ ಬಟ್ಟೆ. ಬಟ್ಟೆ ಸರಿಸಿದರೆ ದುಂಡಗೆ ತಟ್ಟಿ ಹೆಂಚಿನ ಮೇಲೆ ಸುಟ್ಟ ರೊಟ್ಟಿಗಳು ಒಂದರ ಮೇಲೊಂದು ಇದ್ದವು. ಎಲ್ಲವೂ ಎರೆಮಣ್ಣಿನವು. ಬೆಂದೀತು, ಈಗ ಬೆಂದೀತು ಎಂದು ಮಕ್ಕಳನ್ನು ಮಲಗಿಸಲು ಬಡಿದಳೋ, ನೆರೆಯವರಿಗೆ ಕೇಳಲೆಂದು ಬಡಿದಳೋ, ಹೇಳುವವರು ಉಳಿದಿರಲಿಲ್ಲ.

ಊರ ಸುತ್ತ ಎಲ್ಲಿ ಅಗೆದರೂ ನೀರು. ಆ ಒಂದು ದಿನ್ನೆ ಮಾತ್ರ ಒಣಗಿತ್ತು. ಮೂವರನ್ನೂ ಅಲ್ಲಿಗೇ ಒಯ್ದು ಮಣ್ಣು ಕೊಟ್ಟರು. ಹೊಳೆ ಇಳಿದ ಮೇಲೆ ಬಾಪುಗೌಡ ಬಂದ. ಬಂಡಿಯ ತುಂಬ ಜೋಳದ ಚೀಲ. ಅಗಸಿಯಲ್ಲಿ ಕೂತಿದ್ದ ಹಿರಿಯರು ಎದ್ದು ನಿಂತರು. ಅವರಲ್ಲೊಬ್ಬ ಹೇಗೋ ಬಾಯಿ ತೆರೆದ.

"ನಾವು ದಿನಾ ಕೇಳ್ತಿದ್ವಿ, ಗೌಡ್ರ. ದಿನಾ ಉಂಡೀವಿ ಅಂತಿದ್ರು."

ಗೌಡ ಹಗ್ಗ ಜಗ್ಗಿ ಎತ್ತುಗಳನ್ನು ನಿಲ್ಲಿಸಿದ. "ಹಂಗಾದ್ರ ಆ ಉಂಡವ್ರನ್ನ ಎಲ್ಲಿ ಇಟ್ಟೀರಿ, ತೋರಸ್ರಿ," ಎಂದ. ದಿನ್ನೆಗೆ ಆ ಹೆಸರು ಬಂದದ್ದು ಅಂದು, ಆ ಬಾಯಿಂದ.

ಅವನು ಬಂಡಿಯನ್ನು ದಿನ್ನೆಯ ಬುಡದವರೆಗೆ ಹೊಡೆದ, ಊರೆಲ್ಲ ಅವನ ಹಿಂದೆ ದಿನ್ನೆ ಹತ್ತಿತು. ಹಸಿ ಮಣ್ಣಿನ ಮುಂದೆ ನಿಂತು ಅವನು ಜನರೊಳಗೆ ಸಾವಂತ್ರೆವ್ವನನ್ನು ಹುಡುಕಿದ.

"ತಂಗಿ, ನೀನೂ ಕೇಳಿದ್ಯಾ?"

"ಕೇಳಿದ್ನ್ರಿ, ಅಣ್ಣಾ."

"ಎಷ್ಟ ಸಲ?"

ಬೇರೆ ಊರಿನವರಿಗೆ ಇದು ಅರ್ಥವಿಲ್ಲದ ಪ್ರಶ್ನೆ. ಅಲ್ಲಿ ನಿಂತವರೆಲ್ಲ ತಲೆ ತಗ್ಗಿಸಿದರು, ತನ್ನನ್ನೇ ಕೇಳಿದಂತೆ ಒಬ್ಬೊಬ್ಬರಿಗೂ ಅನ್ನಿಸಿತು. ಸಾವಂತ್ರೆವ್ವ ಸುಳ್ಳು ಹೇಳಬಹುದಿತ್ತು, ಅಲ್ಲವೆನ್ನಬಲ್ಲ ನಿಂಬೆವ್ವನ ಬಾಯಿ ಮಣ್ಣಾಗಿತ್ತು. ಅವಳು ಸುಳ್ಳು ಹೇಳಲಿಲ್ಲ.

"ಒಂದ ಸಲ್ರಿ," ಎಂದಳು.

ಗೌಡ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಎತ್ತುಗಳ ಕೊರಳು ಬಿಚ್ಚಿ, ಚೀಲ ತುಂಬಿದ ಬಂಡಿಯನ್ನು ದಿನ್ನೆಯ ಬುಡದಲ್ಲೇ ಬಿಟ್ಟು, ಹೊಳೆಯ ದಾರಿ ಹಿಡಿದು ನಡೆದುಬಿಟ್ಟ. ಮತ್ತೆ ಆ ಸೀಮೆಯಲ್ಲಿ ಅವನನ್ನು ಕಂಡವರಿಲ್ಲ. ಆ ಜೋಳವನ್ನು ಮುಟ್ಟಬಾರದು ಎಂದು ಊರು ಮೊದಲು ಮಾತಾಡಿಕೊಂಡಿತು. ಹಸಿವು ಎಷ್ಟು ದಿನ ಮಾತು ಕೇಳುತ್ತದೆ? ಕಡೆಗೆ ಚೀಲ ಬಿಚ್ಚಿದರು, ಮನೆಮನೆಗೆ ಹಂಚಿದರು, ಸಾವಂತ್ರೆವ್ವನೂ ಉಡಿಯೊಡ್ಡಿ ತನ್ನ ಪಾಲು ತಂದಳು. ಆ ಜೋಳದಿಂದಲೇ ಎರಿಗುಂದಿ ಉಳಿಯಿತು. ಇಂದು ಊರಲ್ಲಿರುವವರೆಲ್ಲ ಅದನ್ನು ಉಂಡು ಬದುಕಿದವರ ಮಕ್ಕಳು, ಮೊಮ್ಮಕ್ಕಳು, ಅವರ ಮಕ್ಕಳು.

ಸಾವಂತ್ರೆವ್ವ ಬಹುಕಾಲ ಬದುಕಿದಳು. ಬಾಳಿದಳು ಎನ್ನುವಂತಿಲ್ಲ. ಅಂದಿನಿಂದ ಅವಳು ಯಾರನ್ನೂ ಊಟವಾಯಿತೇ ಎಂದು ಕೇಳಲಿಲ್ಲ. ಎದುರು ಬಂದವರ ಕೈ ಹಿಡಿದು ರೊಟ್ಟಿ ಇಟ್ಟುಬಿಡುತ್ತಿದ್ದಳು. ಅವಳನ್ನು ನೋಡಿ ಓಣಿ, ಓಣಿಯನ್ನು ನೋಡಿ ಊರು ಅದನ್ನೇ ರೂಢಿ ಮಾಡಿಕೊಂಡಿತು. ಪುಣ್ಯ ಕಟ್ಟಿಕೊಂಡೆ ಎಂದು ಯಾರಾದರೂ ಹೊಗಳಿದರೆ ಅವಳು ಎದ್ದು ಒಳಗೆ ಹೋಗುತ್ತಿದ್ದಳಂತೆ. ಎಷ್ಟು ಕೈಗಳಿಗೆ ರೊಟ್ಟಿ ಇಟ್ಟರೂ ಬಾಗಿಲ ಚೌಕಟ್ಟಿನ ಮೇಲಿದ್ದ ಆ ಸಣ್ಣ ಕೈಗೆ ಅದು ಮುಟ್ಟುವುದಿಲ್ಲ ಎಂದು ಅವಳು ಸಾಯುವಾಗ ಅತ್ತಳು ಎನ್ನುತ್ತಾರೆ. ಅದು ಮುಟ್ಟುತ್ತದೆ ಎಂದು ಹೇಳುವ ಧೈರ್ಯ ಹಾಸಿಗೆಯ ಸುತ್ತ ಕೂತವರಲ್ಲಿ ಯಾರಿಗೂ ಇರಲಿಲ್ಲ.

ಇಂದಿಗೂ ದಿನ್ನೆ ಹತ್ತಿದವರಿಗೆ ಆ ಚಪ್ಪಟೆ ಕಲ್ಲು ಬರಿದಾಗಿಯೇ ಕಾಣುತ್ತದೆ. ಕುಂಕುಮವಿಲ್ಲ, ಕಾಯಿಯ ಚೂರಿಲ್ಲ, ಬತ್ತಿ ಉರಿದ ಕಪ್ಪೂ ಇಲ್ಲ. ಸುತ್ತಲಿನ ಊರುಗಳಲ್ಲಿ ಸತ್ತ ಹಿರಿಯರಿಗೆ ಹಬ್ಬಕ್ಕೊಮ್ಮೆ ಎಡೆ ಹಿಡಿಯುತ್ತಾರೆ, ಇಲ್ಲಿ ಹಿಡಿಯುವುದಿಲ್ಲ. ದಾಸೋಹದ ಜಾಗವೆಂದು ತಿಳಿದು ಯಾರಾದರೂ ಹೋಳಿಗೆ ತಂದು ಕಲ್ಲಿನ ಮೇಲಿಟ್ಟರೆ, ಹೊಲದಲ್ಲಿ ಕೆಲಸ ಮಾಡುತ್ತಿರುವ ಹೆಂಗಸೊಬ್ಬಳು ಬಂದು ಅದನ್ನೆತ್ತಿ ತಂದವರ ಕೈಗೇ ಹಿಂದಕ್ಕೆ ಕೊಡುತ್ತಾಳೆ. ಯಾಕೆಂದು ಕೇಳಿದರೆ, "ಇಡಬೇಕಾದಾಗ ಇಡಲಿಲ್ರಿ. ಈಗ ಇಟ್ರ ಉಣ್ಣವ್ರು ಯಾರ ಅದಾರ?" ಎಂದು ಹೇಳಿ ತನ್ನ ಸಾಲಿಗೆ ಮರಳುತ್ತಾಳೆ.